ಗದ್ದ ಎತ್ತಿದ ರುದ್ರಾಣಮ್ಮ

ರುದ್ರಾಣಮ್ಮ ಬಾಯಿ ತೆಗೆದರೆ ಬಳೇಪೇಟೆಯ ತಳ್ಳುಗಾಡಿಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದವು. ಐವತ್ತಾರರ ಹೆಂಗಸು. ಬಳೆಯ ಹೋಲ್‌ಸೇಲ್ ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳೆಂದರೆ ಎಂಥಾ ವ್ಯಾಪಾರಿಯಾದರೂ ಬೀದಿಯಲ್ಲಿ ನಿಂತು, ಕತ್ತೆತ್ತಿಯೇ ಮಾತಾಡಬೇಕು. ಗಂಡ ಏಕಾಂತಯ್ಯ ಗೋಡೌನ್ ನೋಡಿಕೊಳ್ಳುತ್ತಿದ್ದ, ಗಾದಿ ಅವಳದು.

ತೊಂಬತ್ತೇಳರಲ್ಲಿ ಬಳೆ ವರ್ತಕರ ಸಂಘಕ್ಕೆ ಅವಳೇ ಅಧ್ಯಕ್ಷೆಯಾಗಿ ಗೆದ್ದಳು. ಬಳೆ ತೊಡುವವರೆಲ್ಲ ಹೆಂಗಸರು, ಸಂಘದ ಗೋಡೆಯ ತುಂಬ ಮಾತ್ರ ಬರೀ ಮೀಸೆಗಳು! ಹೊಸ ಅಧ್ಯಕ್ಷರ ಫೋಟೋ ಆ ಸಾಲಿಗೆ ಸೇರಿದ ಮೇಲೆಯೇ ಅವರು ಕುರ್ಚಿಯಲ್ಲಿ ಕೂರಬೇಕು. ಅದು ಅಲ್ಲಿನ ಪದ್ಧತಿ. ಸಮಾರಂಭ ಭಾನುವಾರ.

ಗುರುವಾರ ಸೊಸೆ ಮಾನ್ಯಳನ್ನು ಕರೆದುಕೊಂಡು ಚಾಮರಾಜಪೇಟೆಯ ಗಂಗಾಧರಯ್ಯನ ಸ್ಟುಡಿಯೋಗೆ ಹೋದಳು. ಗಂಡಿನ ಕಡೆಯವರಿಗೆ ಕಳಿಸುವ ಹೆಣ್ಣಿನ ಫೋಟೋ ಎಂದರೆ ಪೇಟೆಯವರಿಗೆಲ್ಲ ಗಂಗಾಧರಯ್ಯನೇ. ಹದಿನೆಂಟರ ರುದ್ರಾಣಿಯನ್ನು ಕುಳ್ಳ ಸ್ಟೂಲಿನ ಮೇಲೆ ಕೂರಿಸಿ ತೆಗೆದವನೂ ಅವನೇ.

"ಕೂತ್ಕೊಳ್ಳಿ ಅಮ್ಮ," ಎಂದು ಈಗಲೂ ಅದೇ ಸ್ಟೂಲನ್ನು ಎಳೆದ. ಕ್ಯಾಮೆರಾ ಸ್ಟ್ಯಾಂಡನ್ನು ಎತ್ತರಿಸಿದ. "ಗದ್ದ ಕೆಳಗೆ. ಇನ್ನೂ ಸ್ವಲ್ಪ. ಕಣ್ಣು ಮಾತ್ರ ಮೇಲೆ. ಮೇಲಿಂದ ತೆಗೆದ್ರೆ ಕತ್ತಿನ ಮಡಿಕೆ ಕಾಣಲ್ಲ, ವಯಸ್ಸು ಕಮ್ಮಿ ಆಗತ್ತೆ."

ಇಡೀ ಪೇಟೆಗೆ ಜೋರು ಮಾಡುವ ಹೆಂಗಸು ಮಂಡಿ ಜೋಡಿಸಿ, ಸೆರಗೆಳೆದುಕೊಂಡು, ಅವನು ಹೇಳಿದಷ್ಟೂ ತಲೆ ತಗ್ಗಿಸಿದಳು. ಯಾಕೆ ತಗ್ಗಿಸಿದೆ ಎನ್ನುವುದು ಅವಳಿಗೇ ತಿಳಿಯಲಿಲ್ಲ. ಮೈ ಆ ಸ್ಟೂಲನ್ನು ಮರೆತಿರಲಿಲ್ಲ.

ಸಂಜೆ ಪ್ರಿಂಟು ಬಂತು. ಮಡಿಕೆ ಇರಲಿಲ್ಲ, ನಿಜ. ರುದ್ರಾಣಮ್ಮನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಸರದಿ ಕಾಯುವವರ ಮುಖ.

"ಅತ್ತೆ, ಇದು ನೀವಲ್ಲ," ಎಂದಳು ಮಾನ್ಯ.

"ಮತ್ಯಾರೇ? ಸೀರೆ ನಂದೇ ಅಲ್ವಾ?" ಎಂದು ನಕ್ಕಳು ಅತ್ತೆ. ನಗು ಅರ್ಧಕ್ಕೇ ನಿಂತಿತು. "ಇದನ್ನ ಆ ಮೀಸೆಗಳ ಪಕ್ಕ ನೇತುಹಾಕಿದ್ರೆ, ಯಾರೋ ಅರ್ಜಿ ಕೊಡೋಕೆ ಬಂದಿರೋಳು ಅಂತಾರೆ. ನಂಗೆ ಕುರ್ಚಿ ಬೇಡ ಬಿಡು. ಹಳೇ ಅಧ್ಯಕ್ಷ ದೊಡ್ಡಬೈರಪ್ಪನೇ ಮುಂದುವರೀಲಿ."

ಮಾನ್ಯಳಿಗೆ ಮೈಯೆಲ್ಲ ಉರಿಯಿತು. ಅತ್ತೆಯ ಕೈ ಹಿಡಿದು ನೇರ ಸಂಘದ ಹಾಲಿಗೆ ಎಳೆದುಕೊಂಡು ಹೋದಳು. ಗೋಡೆಯ ಮೇಲಿನ ಗಂಡಸರೆಲ್ಲ ಗದ್ದ ಎತ್ತಿ ಕೂತಿದ್ದರು. ಕ್ಯಾಮೆರಾ ಎಷ್ಟು ಕೆಳಗಿತ್ತೆಂದರೆ ಒಬ್ಬೊಬ್ಬರ ಮೂಗಿನ ಹೊಳ್ಳೆಯೂ ಕಾಣುತ್ತಿತ್ತು.

"ನೋಡಿ ಅತ್ತೆ, ಇವರ್ಯಾರಿಗೆ ಮಡಿಕೆ ಇಲ್ಲ? ದೊಡ್ಡಬೈರಪ್ಪನೋರ ಕತ್ತಲ್ಲಿ ಮೂರಿದೆ!"

ರುದ್ರಾಣಮ್ಮ ಹತ್ತಿರ ಹೋಗಿ ಫೋಟೋಗಳ ಮೂಲೆಯಲ್ಲಿದ್ದ ಸ್ಟುಡಿಯೋ ಹೆಸರು ಓದಿದಳು. ಎಲ್ಲವೂ ಗಂಗಾಧರಯ್ಯನವೇ!

ಮರುದಿನ ಸ್ಟುಡಿಯೋ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಅಲ್ಲಿ ನಿಂತಿದ್ದರು.

"ಗಂಗಾಧರಯ್ಯನೋರೇ, ಆ ಸ್ಟೂಲ್ ಮೇಲೆ ನೀವು ಕೂತ್ಕೊಳ್ಳಿ," ಎಂದಳು ರುದ್ರಾಣಮ್ಮ.

"ನಾನ್ಯಾಕಮ್ಮ?"

"ಕೂತ್ಕೊಳ್ಳಿ ಅಂದೆ."

ಕೂತ. ರುದ್ರಾಣಮ್ಮ ಕ್ಯಾಮೆರಾಗೆ ಕಣ್ಣಿಟ್ಟಳು. "ಗದ್ದ ಕೆಳಗೆ. ಕಣ್ಣು ಮೇಲೆ. ಆಹಾ! ಮಾನ್ಯ, ಬಂದ್ ನೋಡೇ! ಕಾಫಿ ತಟ್ಟೆ ಹಿಡ್ಕೊಂಡು ಬರೋದೊಂದೇ ಬಾಕಿ!"

ಬೋಳುತಲೆಯ, ಪೊದೆಹುಬ್ಬಿನ ಗಂಗಾಧರಯ್ಯ ಥೇಟ್ ನಾಚಿದ ಮದುಮಗಳ ಹಾಗೆ ಕೂತಿದ್ದ. ಮಾನ್ಯ ನಗುತ್ತಾ ಗೋಡೆಗೆ ಒರಗಿದಳು. ಕೊನೆಗೆ ಅವನಿಗೂ ನಗು ತಡೆಯಲಾಗಲಿಲ್ಲ.

"ಹೆಂಗಸರು ಬಂದ್ರೆ ಕೈ ತಾನಾಗೇ ಈ ಸ್ಟೂಲಿಗೆ ಹೋಗ್ಬಿಡತ್ತಮ್ಮ. ಅಭ್ಯಾಸ. ಎಲ್ಲಿ ಕೂರ್ತೀರ ಹೇಳಿ, ಅಲ್ಲೇ ತೆಗೀತೀನಿ."

"ದಿನಾ ಎಲ್ಲಿ ಕೂರ್ತೀನೋ ಅಲ್ಲೇ."

ಹೊರಟರು ಬಳೇಪೇಟೆಗೆ. ಗಾದಿಯ ಮೇಲೆ ಅವಳು. ಕೆಳಗೆ ಬೀದಿಯಲ್ಲಿ, ಸ್ಕೂಟರುಗಳ ನಡುವೆ ಮಂಡಿಯೂರಿ ಗಂಗಾಧರಯ್ಯ.

"ಇಲ್ಲಿಂದ ಕತ್ತು ಕಾಣತ್ತಮ್ಮ," ಎಂದ.

"ಕಾಣ್ಲಿ. ನನ್ನ ಗಂಟಲಿರೋದೇ ಅಲ್ಲಿ."

ಹಾಗೆಂದವಳ ಗದ್ದ ಲೆನ್ಸು ಕಂಡದ್ದೇ ತಡ ಮತ್ತೆ ಮೆಲ್ಲಗೆ ಇಳಿಯತೊಡಗಿತು. ಅಷ್ಟರಲ್ಲಿ ಮಾಯಣ್ಣನ ತಳ್ಳುಗಾಡಿ ಭರ್ರನೆ ಬಂದು ಗಂಗಾಧರಯ್ಯನ ಬೆನ್ನಿಗೆ ಹಾಯಲಿಕ್ಕೆ ಇನ್ನೇನು ಗೇಣಷ್ಟೇ ಉಳಿದಿತ್ತು.

"ಏಯ್ ಮಾಯಣ್ಣ! ಮನುಷ್ಯ ಕೂತಿರೋದು ಕಾಣಲ್ವೇನೋ? ಕಣ್ಣು ಮನೇಲಿಟ್ಟು ಬಂದಿದೀಯಾ?"

ಕೈ ಮೇಲೆದ್ದಿತು, ಬಳೆಗಳು ಝಲ್ಲೆಂದು ಮೊಣಕೈಯತ್ತ ಜಾರಿದವು, ಗದ್ದ ಆಕಾಶಕ್ಕೇರಿತು. ಗಂಗಾಧರಯ್ಯ ಗಾಡಿಯತ್ತ ತಿರುಗಲೂ ಇಲ್ಲ. ಕ್ಲಿಕ್!

ಭಾನುವಾರ ಆ ಫೋಟೋ ಗೋಡೆಯೇರಿತು. ಕತ್ತಿನ ಮಡಿಕೆ, ನರೆಕೂದಲು, ಹಣೆಯ ವಿಭೂತಿ, ಒಂದೂ ಅಡಗಿರಲಿಲ್ಲ. ಪಕ್ಕದ ಮೀಸೆಗಳು ಅವಳಿಂದ ಬೈಸಿಕೊಂಡು ಸುಮ್ಮನಾದಂತಿದ್ದವು.

ಹೂವಿನ ಹಾರ ಹೊತ್ತು ಬಂದ ಮಾಯಣ್ಣ ಗೋಡೆ ನೋಡಿ ಬೆಚ್ಚಿದ. "ಅಮ್ಮಾ, ಇದು ನಂಗೇ ಬೈತಿರೋ ಹಾಗಿದೆ!"

"ನಿಂಗೇ ಕಣೋ. ಗಾಡಿ ಎಲ್ಲಿ ಬಿಟ್ಟಿದೀಯ?"

"ಬಾಗಿಲಲ್ಲೇ..."

"ತೆಗಿ ಮೊದ್ಲು!"

ಹಾಲಿಗೆ ಹಾಲೇ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಗುತ್ತಾ ರುದ್ರಾಣಮ್ಮ ಅಧ್ಯಕ್ಷರ ಕುರ್ಚಿ ಎಳೆದುಕೊಂಡು, ಕಾಲೆತ್ತಿ, ಗಾದಿಯ ಮೇಲೆ ಕೂರುವ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತಳು.