ಕಂಪನಿ ಬಣ್ಣದ ಮೇಲೆ ಎರಡು ಗೆರೆ

ಕಂದು ರೆಕ್ಸಿನ್ ಬರ್ರನೆ ಬಿಟ್ಟುಕೊಂಡಿತು, ಹಳೇ ಸಲ್ಯೂಷನ್ ಅಂಟಿನ ವಾಸನೆ ಮೂಗಿಗೆ ಹೊಡೆಯಿತು, ಅದರಡಿ ಇನ್ನೊಂದು ರೆಕ್ಸಿನ್, ಕರೀದು — ಒಂದರ ಮ್ಯಾಲೊಂದು ಹೊದಿಸ್ಯಾರ ಮೈಗಳ್ಳರು, ಹಳೇದು ಕಿತ್ತು ಹಾಕಾಕೂ ಇವರಿಗೆ ಕೈ ಬರಂಗಿಲ್ಲ, ಎಂದು ಬೈದುಕೊಳ್ಳುತ್ತ ವಿರುಪಮ್ಮ ಜೀಪಿನ ಡ್ಯಾಶ್‌ಬೋರ್ಡಿನ ಅಂಚಿಗೆ ಬ್ಲೇಡು ಕೊಟ್ಟಳು. ಹೊರಗೆ ಅದಿರಿನ ಲಾರಿಗಳ ಸಾಲು, ಅಂಗಡಿಯ ತಗಡು ಅದುರುತ್ತಿದೆ, ಬೆಳಗ್ಗೆ ಒರೆಸಿದ ಹೊಲಿಗೆ ಮಿಷನ್ನಿನ ಮೇಲೆ ಆಗಲೇ ಕೆಂಪು ಧೂಳು ಕೂತಿದೆ, ಈ ಧೂಳಿಗಿಷ್ಟು ಬೆಂಕಿ ಹಾಕ, ಹೊಸಪೇಟೆಯಲ್ಲಿ ಈಗ ಅನ್ನಕ್ಕೂ ಅದೇ ಬಣ್ಣ. ಗೋಪೀನಾಥ ಸಾಹೇಬರು ಸ್ಟೂಲಿನ ಮೇಲೆ ಕೂತು ಬೀಸಣಿಗೆಯಂತೆ ಪೇಪರು ಬೀಸಿಕೊಳ್ಳುತ್ತಿದ್ದಾರೆ, ನೀರಾವರಿ ಇಂಜಿನಿಯರ್, ಹಳೇ ಜೀಪಿನ ಹುಚ್ಚು, ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಆಗಬೇಕು ನೋಡ್ರಿ ವಿರುಪಮ್ಮ, ಬಣ್ಣ, ಸೀಟು, ಟಾಪು, ಒಂದು ಗುಂಡಿನೂ ಬೇರೆ ಇರಬಾರದು. ಆಗ್ಲಿ ಬಿಡ್ರಿ ಸಾಹೇಬ್ರ, ಮದುಮಗಳನ್ನ ಮಾಡಿ ಕಳಸ್ತೀನಿ, ಮೊದ್ಲು ಕಂಪನಿ ಬಣ್ಣ ಯಾವುದಂತ ಸಿಗಲಿ, ಮ್ಯಾಲಿನ ನೀಲಿ ಯಾವನೋ ಶೋಕಿಲಾಲನ ಕೆಲಸ. ಬಾನೆಟ್ಟಿನ ಕೀಲು ಬಿಚ್ಚಿ ಕೆರೆದಾಗ ನೀಲಿಯಡಿ ಬಿಳಿ ಬಂದಿತ್ತು — ಬಿಳಿ ಅಂದರೆ ಗಣಿಗೆ ದುಡಿದ ಗಾಡಿ, ದೊಡ್ಡ ಲಾರಿಯವನಿಗೆ ಧೂಳಿನಲ್ಲಿ ಕಾಣಲಿ ಅಂತ ಬಾಡಿಗೆ ಜೀಪುಗಳಿಗೆಲ್ಲ ಬಿಳಿ ಬಳಿಸುತ್ತಿದ್ದರು, ಗಂಡನ ಜೀಪಿಗೂ ಬಳಿಸಿದರು, ಅವನು ಎರಡು ದಿನ ಉಂಡಿರಲಿಲ್ಲ, ಹೆಣಕ್ಕ ಬಟ್ಟಿ ಹೊದಿಸಿದಂಗ ಕಾಣ್ತೈತಿ ಕಣೇ ಅಂದಿದ್ದ, ಥೂ, ಬಿಳಿ ಕಂಡರೆ ಸಾಕು ಅವನು ನೆನಪಾಗುತ್ತಾನೆ, ಸಂಡೂರಿನ ಗಣಿಗಳಲ್ಲಿ ಬಿಳಿ ಜೀಪಿಗೇನು ಬರವೇ, ಕೆಲಸ ನೋಡು. ಬಿಳಿಯಡಿ ಏನೋ ಕಪ್ಪು ಕಪ್ಪು, ಎಣ್ಣೆ ಕುಡಿದದ್ದು, ಗುರುತು ಹತ್ತಲಿಲ್ಲ, ಅದಕ್ಕೇ ಡ್ಯಾಶ್‌ಬೋರ್ಡಿಗೆ ಕೈ ಹಾಕಿದ್ದು, ಬಿಸಿಲು ಕಾಣದ ಜಾಗದಲ್ಲಿ, ಪೇಂಟರನ ಗನ್ನು ಹೋಗದ ಸಂದಿಯಲ್ಲಿ ಕಂಪನಿ ಬಣ್ಣ ಹಸಿಯಾಗಿ ಕೂತಿರುತ್ತದೆ. ಮಾರಿದವರೇ ಹೇಳಿದ್ರು ಕಣ್ರಿ, ಎಂದರು ಸಾಹೇಬರು, ಡ್ಯಾಶ್‌ಬೋರ್ಡಿನ ರೆಕ್ಸಿನ್ ಕಿತ್ತು ನೋಡ್ರಿ, ಅಲ್ಲಿ ಮೂಲ ಬಣ್ಣ ಐತಿ, ಅದನ್ನ ಮಾತ್ರ ಕೆರೀಬ್ಯಾಡ್ರಿ ಅಂತ. ಹೌದ್ರಿ, ಮಾರೋರು ಬಂಗಾರ ಐತಿ ಅಂತಾನೂ ಹೇಳ್ತಾರ. ಕರೀ ರೆಕ್ಸಿನ್ನಿನ ಮೂಲೆ ಎದ್ದಿತು, ಮಡಿಕೆಯ ಒಳಗೆ ಹಳದಿ ದಾರ, ಹೆಣೆದು ಹೆಣೆದು ಹಾಕಿದ ಹೊಲಿಗೆ — ಯಾರಪ್ಪ ಇವನು ನನ್ನಂಗ ಹೊಲಿಯಾಂವ, ಹಳದಿ ದಾರ ಯಾರು ಹಾಕ್ತಾರ, ಕರೀ ದಾರ ಮುಗಿದಾಗ ನಾನೊಬ್ಬಳೇ, ಅವತ್ತು — ಬ್ಲೇಡು ನಿಂತಿತು, ಇಲ್ಲ, ನಿಲ್ಲಲಿಲ್ಲ, ಬೆರಳು ತಾನಾಗಿ ಎಳೆಯಿತು, ರೆಕ್ಸಿನ್ ಬಂತು, ಸ್ಪಂಜು ಬಂತು, ಅಂಗೈ ಅಗಲದ ಹಸಿರು, ಮಳೆ ಬಿದ್ದ ಬೆಳಗಿನ ಭತ್ತದ ಹಸಿರು, ಅದರ ಮೇಲೆ ಬಿಳಿ ಎಣ್ಣೆಬಣ್ಣದ ಎರಡು ಗೆರೆ, ಮೇಲೊಂದು, ಕೆಳಗೊಂದು, ನಡುವೆ ಇರಬೇಕಾದದ್ದು ಇಲ್ಲ.

ಆಯುಧಪೂಜೆಯ ದಿನ, ವಿಭೂತಿ ಗಾಳಿಗೆ ಹಾರಿ ಹೋಗ್ತೈತಿ ಅಂತ ಅವನು ಮೂರು ಬೆರಳನ್ನು ಬಣ್ಣದ ಡಬ್ಬಿಗೆ ಅದ್ದಿ ಎಳೆದ, ನಡುಬೆರಳಿನ ತುದಿಯನ್ನು ಫ್ಯಾನ್ ಬೆಲ್ಟು ತಿಂದಿತ್ತಲ್ಲ, ಅದು ತಗಡಿಗೆ ಮುಟ್ಟಲೇ ಇಲ್ಲ, ಎರಡೇ ಗೆರೆ ಬಂದವು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ನಿನ್ನ ಶಿವನಿಗೂ ಮೊಂಡು ಬೆರಳು ಅಂದೆ. ಆಮೇಲೆ ಗಣಿಯವರು ಬಿಳಿ ಬಳಿಸಿ ಅಂದಾಗ ಪೇಂಟರ್ ಹುಸೇನಸಾಬ ಗನ್ನು ಕೆಳಗಿಟ್ಟ, ಮೂರಿರಲಿ ಎರಡಿರಲಿ, ದೇವರ ಗೆರಿ ಮ್ಯಾಲ ನಾ ಬಣ್ಣ ಹೊಡ್ಯಾಂಗಿಲ್ಲಮ್ಮ, ಅಂತ ಅಷ್ಟು ಜಾಗಕ್ಕೆ ಪೇಪರು ಅಂಟಿಸಿ ಉಳಿದದ್ದಕ್ಕೆ ಹೊಡೆದ, ಸೂಪರ್‌ವೈಜರನ ಕಣ್ಣಿಗೆ ಬೀಳದಿರಲಿ ಅಂತ ನಾನೇ ಸ್ಪಂಜು ಇಟ್ಟು, ಅಂಚಿಗಷ್ಟೇ ಸಲ್ಯೂಷನ್ ಹಚ್ಚಿ, ಕರೀ ರೆಕ್ಸಿನ್ ಹೊದಿಸಿದೆ. ಈ ಜೀಪು ಇಲ್ಲಿಲ್ಲ. ಈ ಜೀಪು ಗುಂಡಿಯಲ್ಲಿದೆ. ಯಶವಂತನಗರದ ಆಚೆ ಮಳೆನೀರು ತುಂಬಿದ ಗಣಿ ಗುಂಡಿಯಲ್ಲಿ, ಅವನ ಸಮೇತ, ನಾಲ್ಕು ಮಳೆಗಾಲವಾಯಿತು, ನನ್ನ ತಮ್ಮ ಬಸವಕುಮಾರ, ಅಲ್ಲೇ ಕಾಂಟಾದಲ್ಲಿ ಲಾರಿ ತೂಗುವವನು, ಕಣ್ಣಾರೆ ಕಂಡವನು ಅವನೊಬ್ಬನೇ, ಅಕ್ಕಾ ನನ್ನ ಕಣ್ಣ ಮುಂದ ಮುಳುಗಿತು, ಗುಳ್ಳಿ ಬಂತು, ಆಮ್ಯಾಲ ಏನೂ ಇಲ್ಲ, ಗದ್ದಲ ಮಾಡಬ್ಯಾಡ ಅಂತಾರ ಗಣಿಯವ್ರು, ನನ್ನ ನೌಕರಿ ಹೊಕ್ಕೈತಿ. ಹೆಣ ಇಲ್ಲದೆ ಅಂಗಿ ಹೂಳಿದೆವು, ಚೌಕಳಿ ಅಂಗಿ, ಬಿಲ್ವಪತ್ರೆ ಇಟ್ಟು, ಮೊದಲ ಹಿಡಿ ಮಣ್ಣು ಬಸ್ಯಾನೇ ಹಾಕಿದ. ಎತ್ತಿರಬಹುದು, ಯಾರೋ ನೀರಿಂದ ಎತ್ತಿ ರಿಪೇರಿ ಮಾಡಿ ಮಾರಿರಬಹುದು, ತಡಿ ವಿರುಪಿ, ತಡಿ. ಸ್ಪಂಜು ಹಿಂಡಿದಳು, ಹಳದಿ ಪುಡಿ ಉದುರಿತು, ಒಣ ರವೆಯಂತೆ. ಮುಳುಗಿದ ಲಾರಿಗಳ ಸೀಟು ಎಷ್ಟು ಬಿಚ್ಚಿಲ್ಲ ಈ ಕೈ, ಅದಿರಿನ ನೀರು ಕುಡಿದ ಸ್ಪಂಜು ಹತ್ತು ಸಲ ತೊಳೆದರೂ ಕೆಂಪು ಕಾರುತ್ತದೆ, ಇದರಲ್ಲಿ ಒಂದು ಚಿಟಿಕೆ ಕೆಂಪಿಲ್ಲ, ಇದು ನೀರನ್ನೇ ಕಂಡಿಲ್ಲ. ಹಾಗಾದರೆ — ಸಾಹೇಬ್ರ, ಯಾರ ಕಡಿಂದ ತಂದ್ರಿ ಇದನ್ನ. ದನಿ ಬೇರೆ ಯಾರದೋ ಬಂತು. ಎಮ್ಮಿಗನೂರಿನವರು ರೀ, ಕಂಪ್ಲಿ ದಾಟಿ, ಅಕ್ಕಿ ಮಿಲ್ಲಿಗೆ ಗಾಡಿ ಓಡಿಸ್ತಾರೆ, ಒಳ್ಳೆ ಮನುಷ್ಯ, ಮೊನ್ನೆಯೇ ಮಗಳ ಜವಳ ಅಂತ ಊಟ ಹಾಕಿಸಿದ್ರು, ಪಾಪ ಬೀಗದ ಕೈ ಕೊಡುವಾಗ ಕಣ್ಣಾಗ ನೀರು, ಯಾಕ್ರಿ? ಬೆರಳು, ಎಂದಳು, ನಡುಬೆರಳು. ಅಯ್ಯೋ ನಿಮಗೆ ಹೆಂಗ ಗೊತ್ತು, ಹೌದು, ಮೊಂಡು. ಮಗಳ ಜವಳ. ಕೂಸಿಗೆ ಕೂದಲು ತೆಗೆಸುವಷ್ಟು ವಯಸ್ಸು. ಮೊನ್ನೆ. ಮೊನ್ನೆ ನಾನೇನು ಮಾಡುತ್ತಿದ್ದೆ, ಪಕ್ಕದ ಮನೆಯ ಪಂಪಮ್ಮ ಎಲ್ಲರಿಗೂ ಕುಂಕುಮ ಕೊಟ್ಟು ನನ್ನನ್ನು ದಾಟಿ ಹೋದಳು, ನಾನು ಬಾಗಿಲ ಮರೆಗೆ ಸರಿದು ನಿಂತೆ, ಅಷ್ಟೇ, ಅವನು ಅಲ್ಲಿ ಊಟ ಬಡಿಸುತ್ತಿದ್ದ, ಎರಡು ಬೆರಳಿನ ಗೆರೆಯವನು.

ಬೈಕು ನಿಂತ ಸದ್ದು. ಅಕ್ಕಾ ಮಿರ್ಚಿ ತಂದೀನಿ, ಬಿಸಿ ಅದಾವ, ಕೈ ತೊಳ್ಕೊ, ಇವತ್ತು ಕಾಂಟಾ ರಜಾ — ಬಸ್ಯಾ ಒಳಗೆ ಬಂದ, ಸಾಹೇಬರಿಗೆ ಕೈ ಮುಗಿದ, ಜೀಪಿನೊಳಗೆ ಇಣುಕಿದ, ನೋಡಿದ. ಮುಖ ಬಿಳಿಚಿತು, ಅಷ್ಟೇ ಸಾಕಿತ್ತು, ಇನ್ನೇನೂ ಕೇಳಬೇಕಿರಲಿಲ್ಲ, ಆದರೂ ಬಾಯಿ ಕೇಳಿತು, ಮುಳುಗಿದ್ದು ಯಾವ ಗುಂಡಿಯಾಗಲೇ ಬಸ್ಯಾ. ಅಕ್ಕಾ, ಒಳಗ ಬಾ, ಹೊರಗಿನವರದಾರ. ಯಾವ ಗುಂಡಿ. ಆತ ಬ್ಯಾರೆ ಯಾವಾಕಿನೋ ಕಟ್ಕೊಂಡು ಹೊಂಟು ನಿಂತಿದ್ದನಕ್ಕಾ, ಕಾಲಿಗೆ ಬಿದ್ದೆ, ಕೇಳಲಿಲ್ಲ, ನಾನೇನು ಮಾಡ್ಲಿ, ಗಂಡ ಬಿಟ್ಟಾಕಿ ಅಂತ ಓಣಿ ತುಂಬ ಆಡ್ಕೊಳ್ಳೋದಕ್ಕಿಂತ, ಸತ್ತ ಅಂದ್ರ, ಸತ್ತ ಅಂದ್ರ ಮರ್ಯಾದಿ ಇರ್ತೈತಿ ಅಂತ ತಿಳ್ಕೊಂಡೆ, ನಿನ್ನ ಸಲುವಾಗೇ ಮಾಡಿದೆ. ಯಾರ ಮರ್ಯಾದಿ, ಎಂದು ಕೇಳಬೇಕಿತ್ತು, ಬ್ಲೇಡು ಕೈಯಲ್ಲೇ ಇತ್ತು, ಓಣಿಯವರೆಲ್ಲ ಹೆದರುವ ಬಾಯಿ ಇದು, ಲಾರಿ ಡ್ರೈವರುಗಳೂ ತಲೆ ತಗ್ಗಿಸುವ ಬಾಯಿ, ಒಂದು ಬೈಗುಳ ಬರಬಾರದೇ, ಒಂದು — ನನ್ನ ಬಳೆ ಒಡೆದಾಗ ಇವನು ಕೈ ಹಿಡಿದುಕೊಂಡಿದ್ದ, ಚೂರು ಚುಚ್ಚೀತು ಅಂತ ಮೆಲ್ಲಗೆ ಆರಿಸಿದ್ದ, ಮೆಲ್ಲಗೆ, ಗೊತ್ತಿದ್ದೂ. ಅಂಗಿ ಮಣ್ಣೊಳಗಿದೆ, ಅವನು ಮಿಲ್ಲಿನಲ್ಲಿದ್ದಾನೆ, ನಾನು ಯಾರು, ಹಣೆ ಯಾರಿಗಾಗಿ ಬೋಳು. ವಿರುಪಮ್ಮ, ನೀರು ಕುಡೀರಿ, ಏನಾತು, ಯಾರದಿದು ಗಾಡಿ, ಸಾಹೇಬರು ಎದ್ದು ನಿಂತಿದ್ದಾರೆ, ಮಿರ್ಚಿಯ ಪೊಟ್ಟಣದಿಂದ ಎಣ್ಣೆ ಬಸ್ಯಾನ ಕಾಲ ಮೇಲೆ ತೊಟ್ಟಿಕ್ಕುತ್ತಿದೆ, ಲಾರಿ ಹೋಯಿತು, ತಗಡು ಅದುರಿತು, ಬಾಗಿಲಿಂದ ಧೂಳು ಒಳಗೆ ಬಂದು ಆ ಹಸಿರಿನ ಮೇಲೆ ಇಳಿಯತೊಡಗಿತು, ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಮೊದಲ ಕೆಂಪು, ಅವಳು ಸೆರಗಿನಿಂದ ಒರೆಸಿದಳು, ಯಾಕೆ ಒರೆಸಿದಳೋ, ಮತ್ತೆ ಒರೆಸಿದಳು, ತನ್ನ ಮೂರು ಬೆರಳನ್ನು ಅದರ ಮೇಲಿಟ್ಟಳು, ಮೇಲಿನ ಗೆರೆಗೆ ಒಂದು, ಕೆಳಗಿನ ಗೆರೆಗೆ ಒಂದು, ನಡುಬೆರಳಿಗೆ ತಗಡು ತಣ್ಣಗೆ ತಾಗಿತು, ಎರಡು ಗೆರೆ, ನಡುವೆ ಹಸಿರು, ಮೇಲೊಂದು, ಕೆಳಗೊಂದು, ನಡುವೆ ಬರೀ ಹಸಿರು, ನಡುವೆ —