ಫೀಲಿಂ ಹೇಳದೇ ಬಿಟ್ಟ ಮಾತು

ಜನವರಿಯ ಆಟಕ್ಕೆ ಯಾರೂ ಗೆಲುವು ನೋಡಲು ಹೋಗುವುದಿಲ್ಲ. ಐರಿಷ್ ಫುಟ್‌ಬಾಲಿನ ನಿಜವಾದ ಋತು ಶುರುವಾಗುವ ಮೊದಲು ಪ್ರಾಂತ್ಯದ ಐದು ಜಿಲ್ಲೆಗಳು ತಮ್ಮತಮ್ಮಲ್ಲೇ ಆಡಿ ಮುಗಿಸುವ ಪಂದ್ಯಾವಳಿ ಅದು. ಹೋದ ವರ್ಷ ಯಾರು ಗೆದ್ದರೆಂದು ಕೇಳಿದರೆ ಗೆದ್ದವರೂ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಜನ ಹೋಗುವುದು ಮಾತಿಗಾಗಿ. ಯಾರು ಹೊಸಬರು, ಯಾರ ಮಂಡಿ ವಾಸಿಯಾಯಿತು, ಯಾರು ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಾದ ವಿಮಾನ ಹತ್ತಿದರು, ಯಾರು ತರಬೇತುದಾರನ ಮೇಲೆ ಮುನಿಸಿಕೊಂಡರು, ಇಂಥವು. ಬಾಗಿಲಲ್ಲಿ ಕೈಗೆ ಕೊಡುವ ಹೆಸರಿನ ಪಟ್ಟಿಗೂ ಮೈದಾನಕ್ಕಿಳಿದವರಿಗೂ ಹೊಂದಿಕೆ ಇರುವುದಿಲ್ಲ. ಹದಿಮೂರನೆಯವನೆಂದು ಅಚ್ಚಾದವನು ಮನೆಯಲ್ಲಿ ನೆಗಡಿ ಹಿಡಿದು ಮಲಗಿರುತ್ತಾನೆ. ಇಪ್ಪತ್ತೇಳನೇ ನಂಬರಿನ ಅಂಗಿ ತೊಟ್ಟವನು ಯಾರ ಮಗನೆಂದು ಪಕ್ಕದವರನ್ನು ಕೇಳಬೇಕು. ಪಕ್ಕದವರಿಗೂ ಗೊತ್ತಿಲ್ಲದಿದ್ದರೆ ಲೀಟ್ರಿಂ ಜಿಲ್ಲೆಯ ಜನ ಫೀಲಿಂ ಗಿಲ್ರೇನನನ್ನು ಕೇಳುತ್ತಿದ್ದರು.

ಫೀಲಿಂ ಮೂವತ್ತೊಂದು ವರ್ಷದಿಂದ ಅಂಚೆ ಹಂಚುತ್ತಿದ್ದ. ಒಬ್ಬರ ಮನೆಯ ಕಾಗದದ ವಿಷಯ ಇನ್ನೊಬ್ಬರ ಮನೆಯಲ್ಲಿ ಆಡಿದವನಲ್ಲ. ಆದರೆ ಯಾವ ಹುಡುಗ ಮುಂಜಾನೆ ಗುಡ್ಡ ಹತ್ತಿ ಓಡುತ್ತಾನೆ, ಯಾವನು ಕುಂಟುತ್ತಾನೆ ಎಂಬುದು ಅವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಆಡುವ ವಯಸ್ಸಿನಲ್ಲಿ ಯಾವ ತಂಡವೂ ಅವನನ್ನು ಸೇರಿಸಿಕೊಂಡಿರಲಿಲ್ಲ. ಈಗ ಜನ ಕತ್ತು ಹೊರಳಿಸಿ ಅವನ ಬಾಯನ್ನೇ ನೋಡುತ್ತಿದ್ದರು. ಅದು ಅವನಿಗೆ ಎಷ್ಟು ಬೇಕಾಗಿತ್ತೆಂಬುದು ಆ ಭಾನುವಾರದವರೆಗೆ ಅವನಿಗೂ ತಿಳಿದಿರಲಿಲ್ಲ.

ಆ ಭಾನುವಾರ ಸ್ಲೈಗೊ ಜಿಲ್ಲೆಯ ವಿರುದ್ಧ ಆಟ. ಎಲ್ಲ ಕಡೆ ನೆಲ ಹೆಪ್ಪುಗಟ್ಟಿದ್ದರಿಂದ ಆಟವನ್ನು ಮೇಯೋ ಜಿಲ್ಲೆಯ ಗಾಳಿಗುಮ್ಮಟಕ್ಕೆ ಬದಲಾಯಿಸಿದ್ದರು. ಗಾಳಿ ತುಂಬಿ ನಿಲ್ಲಿಸಿದ ಆ ಬಿಳಿ ಗುಡಾರದೊಳಗೆ ಮೈದಾನಕ್ಕೆ ಮೈದಾನವೇ ಹಿಡಿಸುತ್ತದೆ. ಒಳಗೆ ಮಳೆಯಿಲ್ಲ, ಚಳಿಯಿಲ್ಲ. ಮುದುಕರಿಗೆ ಟೋಪಿ ತೆಗೆಯಬೇಕೋ ಬೇಡವೋ ತಿಳಿಯುವುದಿಲ್ಲ. ಹೊರಗಾದರೆ ಗಾಳಿಗೆ ಹಾರಿಹೋಗುವ ಮಾತು ಇಲ್ಲಿ ಮೇಲಿನ ಬಟ್ಟೆಗೆ ತಾಗಿ ಮತ್ತೆ ಕೆಳಗೇ ಬೀಳುತ್ತದೆ.

ಫೀಲಿಂ ತನ್ನ ಕಾರಿನಲ್ಲಿ ನೋಯೆಲ್ ಅರ್ಲಿಯನ್ನು ಕರೆದುಕೊಂಡು ಬಂದಿದ್ದ. ನೋಯೆಲ್ ಬಸ್ ಓಡಿಸಿ ನಿವೃತ್ತನಾದವನು, ಸಣ್ಣಂದಿನ ಗೆಳೆಯ. ಅವರ ಮುಂದಿನ ಸಾಲಿನಲ್ಲಿ ಡಿಂಪ್ನಾ ಮ್ಯಾಕ್‌ಟೀರ್ನನ್ ಕೂತಿದ್ದಳು. ಮೂವತ್ತು ವರ್ಷದಲ್ಲಿ ಲೀಟ್ರಿಂನ ಒಂದು ಆಟವನ್ನೂ ತಪ್ಪಿಸದ, ರೆಫರಿಗಳ ಹೆಂಡಂದಿರ ಮೇಲೆ ಕನಿಕರ ತೋರಿಸುವ ಹೆಂಗಸು. ಈ ಹೊಸ ರೆಫರಿಗೆ ಮನೆಯಲ್ಲಿ ಊಟ ಹಾಕುವುದಿಲ್ಲವೆಂದು ಕಾಣುತ್ತದೆ, ಅದಕ್ಕೇ ಸೀಟಿ ಅಗಿಯುತ್ತಿದ್ದಾನೆ ಎಂದು ಅವಳು ಅಷ್ಟರಲ್ಲೇ ತೀರ್ಪು ಕೊಟ್ಟಾಗಿತ್ತು.

ಹತ್ತು ನಿಮಿಷ ಕಳೆದ ಮೇಲೆ ನೋಯೆಲ್ ಪಟ್ಟಿಯನ್ನು ಮಂಡಿಯ ಮೇಲೆ ಬಿಡಿಸಿ ಆರನೇ ಹೆಸರಿನ ಮೇಲೆ ಬೆರಳಿಟ್ಟ. ಓರನ್ ಮಲ್ವಿ. ರಕ್ಷಣೆಯ ನಟ್ಟನಡುವೆ ನಿಲ್ಲುವವನು, ಜಿಲ್ಲೆಗೇ ಅಚ್ಚುಮೆಚ್ಚಿನ ಆಟಗಾರ. ಆ ಅಂಗಿಯಲ್ಲಿ ಇವತ್ತು ಯಾರೋ ತೆಳ್ಳನೆಯ ಅಪರಿಚಿತನಿದ್ದ.

"ಮಲ್ವಿ ಎಲ್ಲಪ್ಪಾ?" ಎಂದ ನೋಯೆಲ್. "ಮೀಸಲು ಆಟಗಾರರ ಬೆಂಚಿನಲ್ಲೂ ಇಲ್ಲ. ನಿನ್ನ ದಾರಿಯ ಮನೆ ತಾನೇ ಅದು?"

ಡಿಂಪ್ನಾ ಕತ್ತು ಹೊರಳಿಸಿದಳು. ಅವಳ ಪಕ್ಕದ ಇಬ್ಬರೂ ಹೊರಳಿಸಿದರು.

ಫೀಲಿಂಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ನೋಟ. ಕ್ರಿಸ್‌ಮಸ್ ಕಳೆದ ವಾರ, ಬೆಳಗಿನ ಹನ್ನೊಂದು ಗಂಟೆಗೆ, ಓರನ್ ಮನೆಯ ಗೇಟಿನ ಕಂಬವನ್ನು ತಬ್ಬಿ ನಿಂತಿದ್ದ. ಮೋಡ ಕವಿದ ದಿನ, ಆದರೂ ಕಪ್ಪು ಕನ್ನಡಕ. ಕಾಗದ ಕೊಟ್ಟರೆ ಕೈ ಒಂದು ಗೇಣು ಆಚೆ ಚಾಚಿತು, ಕಾಗದ ಕೆಸರಿಗೆ ಬಿತ್ತು. ಫೀಲಿಂ ಎತ್ತಿಕೊಟ್ಟ. ಓರನ್ ನಕ್ಕ. ಆ ನಗು ಎಲ್ಲೋ ದೂರದಿಂದ ಬಂದಂತಿತ್ತು. ಫೀಲಿಂ ವ್ಯಾನು ಹತ್ತಿ, ಅಯ್ಯೋ ಹುಡುಗ, ಇಷ್ಟು ಬೆಳಿಗ್ಗೆಯೇ, ಎಂದುಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ.

ಈಗಲೂ ಅವನು ಹೇಳಲಿಲ್ಲ. ಕೈಯಲ್ಲಿದ್ದ ಪಟ್ಟಿಯನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದ. "ನಾನು ದಿನಾ ಆ ಮನೆ ಬಾಗಿಲಿಗೆ ಹೋಗೋನು, ನೋಯೆಲ್. ಅದು ನನ್ನ ಬಾಯಿಂದ ಬರೋದು ಬೇಡ."

"ಕುಡಿತಾನಾ?" ಎಂದಳು ಡಿಂಪ್ನಾ, ದನಿ ತಗ್ಗಿಸಿ.

ಫೀಲಿಂ ಮೈದಾನದ ಕಡೆ ನೋಡಿದ. ಯಾರೋ ಚೆಂಡನ್ನು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾರಿಸಿ ಒಂದು ಪಾಯಿಂಟ್ ಗಳಿಸಿದರು. ಅವನು ಚಪ್ಪಾಳೆಯನ್ನೂ ತಟ್ಟಲಿಲ್ಲ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾಲ್ಕು ಮುಖಗಳು ತನ್ನ ಮೇಲೆ ನಿಂತಿರುವುದು ಕೆನ್ನೆಗೆ ಬೆಂಕಿ ಕಾಯಿಸಿದಷ್ಟು ಬೆಚ್ಚಗಿತ್ತು. ತಾನೊಂದು ಒಳ್ಳೆಯ ಕೆಲಸ ಮಾಡಿದೆನೆಂಬ ಭಾವನೆಯೂ ಆ ಗಳಿಗೆಯಲ್ಲಿ ಅವನಿಗಿತ್ತು. ನೋಡಿದ್ದನ್ನು ನುಂಗಿಕೊಂಡೆನಲ್ಲ, ಹುಡುಗನ ಮಾನ ಉಳಿಸಿದೆನಲ್ಲ, ಎಂದು.

ಮಧ್ಯಂತರದಲ್ಲಿ ಅವನು ಚಹಾದ ಸಾಲಿನಲ್ಲಿ ನಿಂತ. ಮುಂದೆ ನಿಂತವನು ಜಿಲ್ಲೆಯ ಆ ತುದಿಯವನು, ಮುಖಪರಿಚಯವೂ ಇಲ್ಲ. ಫೀಲಿಂನ ಕೊರಳಲ್ಲಿದ್ದ ಲೀಟ್ರಿಂ ಬಣ್ಣದ ಹಸಿರು ಹಳದಿ ಮಫ್ಲರು ನೋಡಿ ಮಾತಿಗೆ ತೊಡಗಿದ. ಮಲ್ವಿಯ ವಿಷಯ ಕೇಳಿದೆಯಾ ಎಂದ. ಅಭ್ಯಾಸಕ್ಕೆ ಕುಡಿದು ಬಂದನಂತೆ, ತರಬೇತುದಾರ ಅಲ್ಲೇ ಹೊರಗೆ ಹಾಕಿದನಂತೆ, ಹಾಡಹಗಲಲ್ಲಿ ಮನೆಯ ಗೇಟಿನ ಹತ್ತಿರ ಕೆಸರಲ್ಲಿ ಬಿದ್ದಿದ್ದನಂತೆ.

ಗೇಟು ಮತ್ತು ಕೆಸರು ಅವನ ಬಾಯಿಗೆ ಎಲ್ಲಿಂದ ಬಂದವು? ತಾನು ಅವನ್ನು ಯಾರಿಗೂ ಹೇಳಿರಲಿಲ್ಲ ಎಂದು ಫೀಲಿಂ ಆಣೆಯಿಟ್ಟು ಹೇಳಬಲ್ಲವನಾಗಿದ್ದ. ಬಹುಶಃ ಜನ ತಾವೇ ಕಟ್ಟಿಕೊಂಡಿದ್ದರು. ಅಂಚೆಯವನು ನೋಡುವುದೆಂದರೆ ಗೇಟಿನಲ್ಲೇ ತಾನೇ? ಜನವರಿಯಲ್ಲಿ ಗೇಟಿನ ಬುಡದಲ್ಲಿ ಕೆಸರಲ್ಲದೆ ಇನ್ನೇನಿರುತ್ತದೆ?

"ಯಾರು ಹೇಳಿದ್ದು?" ಎಂದು ಕೇಳಿದ. ದನಿ ಸಹಜವಾಗಿಯೇ ಇತ್ತು. ಆಮೇಲೆ ನೆನೆದಾಗ ಅವನಿಗೆ ಅಸಹ್ಯ ಅನ್ನಿಸಿದ್ದು ಆ ಸಹಜತೆ.

"ಅವರ ಊರಿನ ಅಂಚೆಯವನೇ ನೋಡಿದ್ದಂತೆ. ಸುಳ್ಳಾಡೋ ಮನುಷ್ಯ ಅಲ್ವಂತೆ ಅವನು. ಬಾಯಿಬಿಟ್ಟು ಹೇಳೋಕೂ ಆಗಲಿಲ್ವಂತೆ, ಅಷ್ಟು ಸಂಕಟಪಟ್ಟನಂತೆ."

ಆ ಅಂಚೆಯವನು ನಾನೇ ಎನ್ನಲು ಅವನಿಗೆ ಸಮಯವಿತ್ತು. ಸಾಲು ಬಹಳ ನಿಧಾನವಾಗಿ ಸಾಗುತ್ತಿತ್ತು. ಅವನು ಚಹಾ ತೆಗೆದುಕೊಂಡ, ಹಾಲು ಹಾಕಿದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಲಕಿದ.

ತಲೆ ಎತ್ತಿದಾಗ ಗೋಲಿನ ಹಿಂದೆ ಮಾಲಕಿ ಮಲ್ವಿ ಕಂಡ. ಓರನ್‌ನ ತಂದೆ, ಒಬ್ಬನೇ ನಿಂತಿದ್ದ. ಅವನ ಸುತ್ತ ಒಂದು ಖಾಲಿ ಜಾಗ ಬೆಳೆದಿತ್ತು. ಸಾವಿನ ಮನೆಯಲ್ಲಿ ಹತ್ತಿರದವರ ಸುತ್ತ ಜನ ಬಿಡುವಂಥ ಜಾಗ. ಒಬ್ಬ ಹೋಗಿ ಅವನ ಕೈ ಕುಲುಕಿದ. ಇನ್ನೊಬ್ಬ ಭುಜ ತಟ್ಟಿ, ಮುಖ ನೋಡದೆ ಸರಿದುಹೋದ. ಮಾಲಕಿ ಅವರ ಬೆನ್ನನ್ನೇ ನೋಡುತ್ತಿದ್ದ. ಆಮೇಲೆ ಫೀಲಿಂನನ್ನು ಕಂಡು, ಗುರುತಿನ ಮುಖ ಸಿಕ್ಕಿತೆಂಬ ಸಮಾಧಾನದಿಂದ ನೇರವಾಗಿ ನಡೆದು ಬಂದ.

"ಫೀಲಿಂ, ಜನ ಏನು ಮಾತಾಡ್ತಿದ್ದಾರೆ?" ಎಂದ. "ನಾಲ್ಕು ಜನ ಕೈ ಕುಲುಕಿದರು. ಒಬ್ಬ, ಅದೂ ಒಂದು ಕಾಯಿಲೆನೇ ಅಂತ ತಿಳ್ಕೋ ಅಂದ. ಯಾವುದು?"

ಫೀಲಿಂ, ಜನ ಏನೋ ಅಂತಾರೆ, ಎಂದ.

ಮಾಲಕಿ ಅವನನ್ನು ಒಂದು ಪಕ್ಕಕ್ಕೆ ಕರೆದೊಯ್ದು ತಾನೇ ಎಲ್ಲವನ್ನೂ ಹೇಳಿದ. ಅಕ್ಟೋಬರಿನಲ್ಲಿ ಊರ ಕ್ಲಬ್ಬಿನ ಆಟದಲ್ಲಿ ಓರನ್‌ನ ಕಿವಿಯ ಹಿಂದೆ ಯಾರದೋ ಮೊಣಕೈ ಬಡಿದಿತ್ತು. ಬಿದ್ದವನು ಎದ್ದು ಮತ್ತೆ ಆಡಿದ್ದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಫೀಲಿಂ ಕೂಡ ತಟ್ಟಿದ್ದ. ಮಿದುಳಿಗಾದ ಆ ಪೆಟ್ಟು ಇನ್ನೂ ಹೋಗಿರಲಿಲ್ಲ. ಬೆಳಕು ತಡೆಯುವುದಿಲ್ಲ, ನಿಂತರೆ ನೆಲ ವಾಲುತ್ತದೆ. ಮುಂದೆ ಯಾವತ್ತಾದರೂ ಆಡಬಹುದೋ ಇಲ್ಲವೋ ಎಂದು ಗುರುವಾರ ಡಬ್ಲಿನ್ನಿನ ವೈದ್ಯರು ಹೇಳಬೇಕಿತ್ತು. ಅಲ್ಲಿಯವರೆಗೆ ಯಾರ ಕನಿಕರವೂ ಬೇಡವೆಂದು ಹುಡುಗ ಮನೆಯವರ ಬಾಯಿಗೆ ಬೀಗ ಹಾಕಿಸಿದ್ದ.

"ಆ ಆಸ್ಪತ್ರೆ ಕಾಗದ ನೀನೇ ಅಲ್ವಾ ತಂದುಕೊಟ್ಟಿದ್ದು," ಎಂದ ಮಾಲಕಿ. "ಎರಡು ತಿಂಗಳಾದ ಮೇಲೆ ಅವತ್ತೇ ಅವನು ಮೊದಲನೇ ಸಲ ಒಬ್ಬನೇ ಗೇಟಿನವರೆಗೆ ನಡೆದಿದ್ದು. ನಿನ್ನ ವ್ಯಾನಿನ ಸದ್ದು ಕೇಳಿ ಹೊರಟಿದ್ದ. ಒಳಗೆ ಬಂದು, ಅಪ್ಪ, ನಡೆದುಬಿಟ್ಟೆ, ಅಂದ."

ಫೀಲಿಂನ ಕೈಯಲ್ಲಿ ಚಹಾ ತಣ್ಣಗಾಗಿತ್ತು.

"ಜನ ಏನೋ ಕೆಟ್ಟದ್ದು ಅಂದುಕೊಂಡಿದ್ದಾರೆ, ಅದು ನನಗೆ ಕಾಣ್ತಿದೆ. ನೀನು ಹೇಳಪ್ಪ ಅವರಿಗೆ. ನಿಜಾನೇ ಹೇಳು, ಹುಡುಗನ್ನ ನಾನು ಒಪ್ಪಿಸ್ತೀನಿ. ನಾನು ಹೇಳಿದರೆ ಅಪ್ಪ ಮುಚ್ಚಿಡ್ತಿದ್ದಾನೆ ಅಂತಾರೆ. ನಿನ್ನ ಮಾತು ನಂಬ್ತಾರೆ."

ಎರಡನೇ ಅರ್ಧ ಶುರುವಾಗಿತ್ತು. ಫೀಲಿಂ ತನ್ನ ಸಾಲಿಗೆ ಹಿಂದಿರುಗಿ, ಕೂರದೆ, ನೋಯೆಲ್ ಮತ್ತು ಡಿಂಪ್ನಾಗೆ ಕೇಳುವಂತೆ ಅಷ್ಟನ್ನೂ ಹೇಳಿದ. ಮೊಣಕೈ, ಬೆಳಕು, ಡಬ್ಲಿನ್ನಿನ ವೈದ್ಯರು. ಕುಡಿತದ ಮಾತು ಶುದ್ಧ ಸುಳ್ಳು ಎಂದ. ತನ್ನ ಮಾತು ತನಗೇ ಬಾಯಿಪಾಠ ಒಪ್ಪಿಸಿದಂತೆ ಕೇಳಿಸಿತು.

ನೋಯೆಲ್ ತಲೆಯಾಡಿಸಿ ನೆಲ ನೋಡಿದ. ಡಿಂಪ್ನಾ ಕೈ ಚಾಚಿ ಫೀಲಿಂನ ತೋಳು ಹಿಡಿದಳು. ಅವಳ ಕಣ್ಣಲ್ಲಿ ನಿಜವಾದ ಪ್ರೀತಿಯಿತ್ತು.

"ನೀನು ದೊಡ್ಡ ಮನುಷ್ಯ ಕಣೋ ಫೀಲಿಂ," ಎಂದಳು. "ಯಾರಾದರೂ ಕೇಳಿದರೆ ನಾವೂ ಹಾಗೇ ಹೇಳ್ತೀವಿ, ತಲೆಗೆ ಪೆಟ್ಟು ಅಂತ. ಮಲ್ವಿಯವರ ಮರ್ಯಾದೆ ನಮ್ಮ ಮರ್ಯಾದೆ ಅಲ್ವಾ?"

"ಇಲ್ಲ ಡಿಂಪ್ನಾ. ಅದೇ ನಿಜ."

"ಆಯ್ತು ಮಾರಾಯ, ಆಯ್ತು. ಆಗ ನಾನು ಕೇಳಿದಾಗ ನಿನ್ನ ಮುಖ ನೋಡಿದೆನಲ್ಲ. ಕುಡಿತ ಅಲ್ಲದಿದ್ದರೆ ಅಲ್ಲ ಅಂತಿದ್ದೆ ನೀನು. ಸುಮ್ಮನಾದೆ. ನಾವು ಅಷ್ಟು ಅರ್ಥಮಾಡಿಕೊಳ್ಳದಷ್ಟು ದಡ್ಡರಾ?"

ಮೈದಾನದಲ್ಲಿ ಯಾರೋ ಸ್ನಾಯು ಹಿಡಿದುಕೊಂಡು ಬಿದ್ದಿದ್ದರಿಂದ ಆಟ ನಿಂತಿತ್ತು. ಗುಮ್ಮಟದೊಳಗೆ ಗಾಳಿ ಊದುವ ಯಂತ್ರದ ಗುಂಯ್ ಸದ್ದೊಂದೇ ಇತ್ತು. ಆ ನಿಶ್ಶಬ್ದದಲ್ಲಿ ಡಿಂಪ್ನಾಳ ಮಾತು ಮೂರು ಸಾಲಿಗೆ ಕೇಳಿಸಿತು. ಮೆಟ್ಟಿಲ ಬುಡದಲ್ಲಿ ನಿಂತಿದ್ದ ಮಾಲಕಿಗೂ ಕೇಳಿಸಿತು. ಮಾತು ಹೇಗೆ ನಡೆಯುತ್ತದೆಂದು ನೋಡಲು ಅವನು ಹಿಂದೆಯೇ ಬಂದಿದ್ದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಾಲಕಿಯ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಫೀಲಿಂಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ವಿಳಾಸ ಓದಲು ಬಾರದ ಕಾಗದವನ್ನು ನೋಡುವವನಂತೆ ಮಾಲಕಿ ಸ್ವಲ್ಪ ಹೊತ್ತು ನೋಡಿ, ತಿರುಗಿ ಗೋಲಿನ ಹಿಂದಿನ ತನ್ನ ಜಾಗಕ್ಕೆ ಹೋದ.

ಆಗ ಫೀಲಿಂ ಹೇಳಿದ. ನನಗೆ ಏನೂ ಗೊತ್ತಿರಲಿಲ್ಲ, ನೀವು ಕೇಳಿದಿರೆಂದು ಗೊತ್ತಿರುವವನಂತೆ ಕೂತೆ, ನೀವೆಲ್ಲ ನನ್ನನ್ನೇ ನೋಡುತ್ತಿದ್ದದ್ದು ನನಗೆ ಹಿತವಾಗಿತ್ತು ಎಂದ. ಒಂದು ಸಲ ಹೇಳಿದ ಮೇಲೆ, ಇನ್ನೊಂದು ಸಲವೂ ಅದನ್ನೇ ಹೇಳಿದ. ಡಿಂಪ್ನಾಳ ಕೈ ಅವನ ತೋಳಿನಿಂದ ಜಾರಿತು. ಅವಳು ಮೈದಾನದ ಕಡೆ ತಿರುಗಿದಳು, ಆ ದಿನ ಮತ್ತೆ ಹಿಂದೆ ನೋಡಲಿಲ್ಲ. ನೋಯೆಲ್ ತನ್ನ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು, ನಾನು ಸೊಸೆಯ ಕಾರಿನಲ್ಲಿ ಹೋಗುತ್ತೇನೆ, ನೀನು ಕಾಯಬೇಡ, ಎಂದ. ಸೊಸೆ ಆಟಕ್ಕೆ ಬಂದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಆಟ ಮುಗಿದು ಹೊರಗೆ ಬಂದರೆ ಮಾಲಕಿ ಫೀಲಿಂನ ಕಾರಿನ ಪಕ್ಕದಲ್ಲಿ ನಿಂತಿದ್ದ. ಕಾಲಡಿಯ ಹಿಮ ಗರಗರ ಎನ್ನುತ್ತಿತ್ತು.

"ಅವನಿಗೆ ಫೋನಿನ ಪರದೆ ನೋಡೋಕಾಗಲ್ಲ," ಎಂದ. "ಆಟ ನೋಡಿಕೊಂಡು ಬಂದು ಹೇಳಪ್ಪ ಅಂತ ನನ್ನ ಕಳಿಸಿದ್ದ. ನನ್ನ ಕಣ್ಣಿಗೆ ಎರಡನೇ ಅರ್ಧ ಕಾಣಲಿಲ್ಲ. ನೀನು ಬಂದು ಹೇಳು. ಆಟಾನೂ ಹೇಳು, ಅದನ್ನೂ ಹೇಳು. ನಾಳೆ ಇನ್ನೊಬ್ಬರ ಬಾಯಲ್ಲಿ ಅವನು ಕೇಳೋದು ಬೇಡ."

ನಲವತ್ತು ಮೈಲಿ ಫೀಲಿಂ ಅವನ ಕಾರಿನ ಹಿಂದಿನ ಕೆಂಪು ದೀಪ ನೋಡುತ್ತ ಬಂದ. ದಾರಿಯಲ್ಲಿ ಎರಡು ಕಡೆ ತಿರುವು ಸಿಕ್ಕಿತು, ತನ್ನ ಮನೆಗೆ ಹೋಗುವ ತಿರುವು. ಎರಡು ಸಲವೂ ಅವನ ಕಾಲು ಬ್ರೇಕಿನ ಮೇಲೆ ಬಂದು ಹಿಂದೆ ಸರಿಯಿತು.

ಓರನ್‌ನ ಕೋಣೆಯಲ್ಲಿ ದಪ್ಪ ಪರದೆ ಎಳೆದಿದ್ದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಗೋಡೆಗೊರಗಿದ ದೊಡ್ಡ ಆಕಾರ ಕಂಡಿತು. ಫೀಲಿಂನ ದನಿ ಕೇಳಿ ಹುಡುಗನಿಗೆ ಸಂತೋಷವಾಯಿತು. ಭಾನುವಾರವೂ ಅಂಚೆ ಬರುತ್ತದಾ ಎಂದು ನಕ್ಕ. ಕುರ್ಚಿ ಎಲ್ಲಿದೆಯೆಂದು ಹೇಳಿದ. ನನ್ನ ಜಾಗದಲ್ಲಿ ಯಾರು ಆಡಿದರು, ಹೇಗೆ ಆಡಿದರು ಎಂದು ಕೇಳಿದ.

ಫೀಲಿಂ ಕೂತ. ಆಟಕ್ಕಿಂತ ಮೊದಲು ಹೇಳಬೇಕಾದ್ದೊಂದಿದೆ ಎಂದ. ಆರನೇ ಹೆಸರಿನ ಮೇಲೆ ನೋಯೆಲ್ ಬೆರಳಿಟ್ಟಲ್ಲಿಂದ ಶುರುಮಾಡಿ, ಚಹಾದ ಸಾಲನ್ನೂ ಬಿಡದೆ, ಮಾಲಕಿಗೆ ಹೇಳದೆ ತಪ್ಪಿಸಿಕೊಂಡದ್ದನ್ನೂ ಬಿಡದೆ ಹೇಳಿ ಮುಗಿಸಿದ. ಕತ್ತಲಲ್ಲಿ ಹೇಳುವುದು ಸುಲಭವೆಂದು ಅವನು ಅಂದುಕೊಂಡಿದ್ದ. ಹಾಗಿರಲಿಲ್ಲ. ಎದುರಿನ ಮುಖ ಕಾಣದೆ, ಅವನಿಗೆ ಕಾಣುತ್ತಿದ್ದುದು ತನ್ನದೇ ಮುಖ.

ಅಡುಗೆಮನೆಯಲ್ಲಿ ಹುಡುಗನ ತಾಯಿ ತಟ್ಟೆ ಇಡುವ ಸದ್ದು ಕೇಳಿ ನಿಂತಿತು.

"ಎಷ್ಟು ಜನ ನಂಬಿದರು?" ಎಂದ ಓರನ್.

"ಎಲ್ಲರೂ."

"ಒಬ್ಬರೂ ಇಲ್ಲ ಅನ್ನಲಿಲ್ವಾ?"

ಫೀಲಿಂ ಆ ಸಾಲುಗಳನ್ನೆಲ್ಲ ನೆನೆದುಕೊಂಡ. ಹುಡುಗನಿಗಾಗಿ ಒಂದಾದರೂ ಮುಖ ಹುಡುಕಿದ. ಸಿಕ್ಕಿದ್ದರೆ ಹೇಳುತ್ತಿದ್ದ. ಸಿಗಲಿಲ್ಲ, ಎಂದ.

ಓರನ್ ಗೋಡೆಯ ಕಡೆ ಮಗ್ಗುಲಾದ. ಹೋಗಿ ಎನ್ನಲಿಲ್ಲ, ಇರಿ ಎನ್ನಲಿಲ್ಲ. ಫೀಲಿಂ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತೇ ಇದ್ದ.