ಗಬ್ಬೂರಿನ ಗಾದಿ

ಕಪಿಲ ದೇಸಾಯಿ ಒಂದು ಕೈಯಲ್ಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಇನ್ನೊಂದು ಕೈಯ ಎರಡೇ ಬೆರಳಿನಲ್ಲಿ ಗಾದಿಯ ಮೂಲೆ ಹಿಡಿದು ಬಾಗಿಲ ಕಡೆಗೆ ಎಳೆಯುತ್ತಿದ್ದ, ಸತ್ತ ಇಲಿಯ ಬಾಲ ಹಿಡಿದವರ ಹಾಗೆ. ನಿನ್ನೆಯವರೆಗೂ ಅವನ ಮಗಳು ಋತುಜಾ ಅದೇ ಗಾದಿಯ ಮೇಲೆ ಹೊರಳಾಡಿ, ಅಲ್ಲೇ ಕೂತು ಚಿಪ್ಸ್ ತಿಂದಿದ್ದಳು.

ಧಾರವಾಡದ ಆ ಜಿಮ್ನಾಸ್ಟಿಕ್ಸ್ ಕ್ಲಬ್ಬಿಗೆ ಗಾದಿ ತಂದುಕೊಟ್ಟವನು ಗಬ್ಬೂರಿನ ಇಮಾಮಹುಸೇನ. ಹತ್ತಿ ಹಿಂಜಿ ಅರಳೆ ಮಾಡಿ ಗಾದಿ ಹೊಲಿಯುವುದು ಅವನ ಕಸುಬು. ಮಗಳು ಜೋಯಾ ಆ ಹತ್ತಿಯ ರಾಶಿಗಳ ಮೇಲೆಯೇ ಪಲ್ಟಿ ಹೊಡೆಯಲು ಕಲಿತವಳು. ಈ ವರ್ಷ ರಾಜ್ಯಕ್ಕೇ ಮೊದಲು ಬಂದಿದ್ದಳು. ಮುಂದಿನ ತಿಂಗಳು ರಾಷ್ಟ್ರಮಟ್ಟದ ಸ್ಪರ್ಧೆ. ಕ್ಲಬ್ಬಿನ ಫೋಮ್ ಹಾಸು ಹರಿದು ಚಿಂದಿಯಾಗಿದ್ದರಿಂದ ಎತ್ತರದ ಬೀಮಿನಿಂದ ಜಿಗಿದಾಗಲೆಲ್ಲ ಅವಳ ಮೊಣಕಾಲು ನೋಯುತ್ತಿತ್ತು. ಅದಕ್ಕೇ ಅಪ್ಪ ದಪ್ಪನೆಯ ಗಾದಿ ಹೊಲಿದು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದ. ಮಕ್ಕಳಿಗೆಲ್ಲ ಅದು ಹಬ್ಬವಾಗಿತ್ತು. ನಿನ್ನೆ ಸಂಜೆ ಪಾಲಕರೆಲ್ಲ ಸೇರಿ ಅವನಿಗೆ ಶಾಲು ಹೊದಿಸಿದರು. ಹೊದಿಸಿದವನು ಇದೇ ಕಪಿಲ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಇಷ್ಟೊಂದು ಹತ್ತಿ ಎಲ್ಲಿ ಸಿಕ್ಕಿತೆಂದು ಯಾರೋ ಕೇಳಿದರು, ಖುಷಿಯಲ್ಲಿದ್ದ ಇಮಾಮಹುಸೇನ ಇದ್ದದ್ದು ಇದ್ದಂತೆ ಹೇಳಿಬಿಟ್ಟ.

"ಸತ್ತವ್ರ ಗಾದಿ ಯಾರೂ ಮನ್ಯಾಗ ಇಟ್ಕೊಳ್ಳೂದಿಲ್ಲಲ್ರೀ, ನನಗ ಕೊಡ್ತಾರ. ಬಿಸಿಲಿಗೆ ಹಾಕಿ ಹಿಂಜಿದ್ರ ಹೊಸಾ ಅರಳಿನ ಆಗತೈತ್ರಿ."

ಬೆಳಗಾಗುವಷ್ಟರಲ್ಲಿ ಪಾಲಕರ ವಾಟ್ಸ್ಯಾಪ್ ಗುಂಪು ಗಬ್ಬೆದ್ದುಹೋಗಿತ್ತು. ಗಾದಿ ಇದ್ದರೆ ಮಕ್ಕಳನ್ನು ಕಳಿಸುವುದಿಲ್ಲವೆಂದು ಎಲ್ಲರೂ ಬರೆದರು. ಜೋಯಾ ಕೂಡ, ತಾನು ಮುಖ ಊರಿ ಮಲಗಿದ್ದು ಯಾರ ಕೊನೆಯ ಬೆವರಿನ ಮೇಲೋ ಎಂದು ನೆನೆದು, ಮನೆಗೆ ಹೋದವಳೇ ತೋಳು ಕೆಂಪಾಗುವ ಹಾಗೆ ತಿಕ್ಕಿ ತೊಳೆದುಕೊಂಡಿದ್ದಳು. ಯಾರ್‍ಯಾರದು ಹೇಳು ಎಂದು ಅಪ್ಪನನ್ನು ಪೀಡಿಸಿದ್ದಳು.

ಈಗ ಅದೇ ಅಪ್ಪ, ನೀವು ಮುಟ್ಟಬೇಡಿ ಸಾಹೇಬರೇ, ನಾನೇ ಒಯ್ಯುತ್ತೇನೆ, ತಪ್ಪಾಯಿತು ಎಂದು ಕಪಿಲನ ಹಿಂದೆ ಹಿಂದೆ ಓಡಾಡುತ್ತಿದ್ದ. ಜೋಯಾಳಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಕೋಚ್ ತ್ರ್ಯಂಬಕ ಸರ್, ಜೋಯಾ ಗೆದ್ದಾಗ ಪೇಪರಿನವರ ಮುಂದೆ ಎದೆಯುಬ್ಬಿಸಿ ನಿಂತವರು, ಈಗ ಕಿಟಕಿಯಾಚೆ ಏನೋ ಘನವಾದದ್ದನ್ನು ನೋಡುತ್ತಿದ್ದರು. ಕೆಲವು ದಿನ ಬರೀ ನೆಲದ ಮೇಲೇ ಜಿಗಿ ಎಂದು ಜೋಯಾಳಿಗೆ ಆಗಲೇ ಹೇಳಿ ಆಗಿತ್ತು.

"ಯಾವ ಹೆಣದ ಹೊಲಸು ಅದನೋ ಏನೋ ಇದರಾಗ," ಎಂದ ಕಪಿಲ.

"ನಿಮ್ಮ ಅವ್ವಾರ ಗಾದೀನೂ ಇದರಾಗ ಐತ್ರಿ ಕಾಕಾ," ಎಂದಳು ಜೋಯಾ. "ಹೋದ ವರ್ಷ ನೀವ ಕರದು ಕೊಟ್ಟಿದ್ರಂತ."

ಇಮಾಮಹುಸೇನ ತಲೆ ತಗ್ಗಿಸಿದ. ಇದೊಂದನ್ನು ಮಾತ್ರ ಅವರ ಮುಂದೆ ಹೇಳಬೇಡವೆಂದು ಅವನು ಮಗಳಿಗೆ ಕೈಮುಗಿದಿದ್ದ.

ಕಪಿಲ ಗಾದಿಯ ಮೂಲೆ ಬಿಟ್ಟ. ಅವನ ತಾಯಿ ಲಕ್ಷ್ಮೀಬಾಯಿ ಹಾಸಿಗೆ ಹಿಡಿದು ಬಹಳ ದಿನ ನರಳಿ ಸತ್ತಿದ್ದರು; ಹೆತ್ತವಳ ಮಾತು ಬಂದಾಗ ಯಾರ ಮುಖವಾದರೂ ಸ್ವಲ್ಪ ಸಡಿಲಾಗುತ್ತದೆ. ಕಪಿಲ ಆ ಎರಡು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡು ಕರವಸ್ತ್ರವನ್ನೇ ಕಸದ ಬುಟ್ಟಿಗೆ ಎಸೆದ.

ಜೋಯಾಳಿಗೆ ಹೇಸಿಗೆಯಾಯಿತು. ತಾನು ತೋಳು ತಿಕ್ಕಿಕೊಂಡದ್ದೂ ಆ ಹೇಸಿಗೆಯಲ್ಲಿ ಸೇರಿತ್ತು. ಅವಳು ಗಾದಿಯ ಒಂದು ತುದಿಯನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿದಳು.

ಗಬ್ಬೂರಿನ ಮನೆಯ ಮುಂದೆ ಅಪ್ಪ ಮಗಳು ಗಾದಿ ಇಳಿಸಿದರು. ಇಮಾಮಹುಸೇನ ಅದನ್ನು ಬಿಚ್ಚಿ ಮಾರಿಬಿಡುವ ಮಾತಾಡತೊಡಗಿದ. ಜೋಯಾ ಟಂಟಂನ ಪಕ್ಕದ ಪಟ್ಟಿಯ ಮೇಲೆ ಹತ್ತಿ ನಿಂತು, ಉಸಿರು ಹಿಡಿದು, ಹಿಂದಕ್ಕೆ ಪಲ್ಟಿ ಹೊಡೆದು ಗಾದಿಯ ನಟ್ಟನಡುವೆ ಇಳಿದಳು. ಅಲುಗಾಡಲಿಲ್ಲ. ಬರಿಗಾಲಿನಿಂದ ಅಲ್ಲಲ್ಲಿ ಒತ್ತಿ ನೋಡಿದಳು.

"ಅಪ್ಪಾ, ಇಲ್ಲೆ ತೆಳ್ಳಗಾಗೇತಿ. ಇನ್ನಷ್ಟು ಅರಳಿ ತುಂಬು."

ಇಮಾಮಹುಸೇನ ಮಗಳ ಪಾದವನ್ನೇ ನೋಡಿದ. ಆಮೇಲೆ ಕುಕ್ಕರಗಾಲಲ್ಲಿ ಕೂತು ದಬ್ಬಣದ ತುದಿಯಿಂದ ಅವಳು ತೋರಿಸಿದಷ್ಟೇ ಜಾಗದ ಹೊಲಿಗೆ ಬಿಚ್ಚತೊಡಗಿದ.